ಮನೆ ರಿಪೇರಿಗೆ ಮೇಸ್ತ್ರಿ ಹಿಡಿಯುವವರಿಗೆ: ಮೊದಲ ಮಾತಿನಿಂದ ಕೊನೆಯ ಕಂತಿನವರೆಗೆ

"ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಬೇಕು, ಮೇಸ್ತ್ರಿ ಅರ್ಧ ದುಡ್ಡು ಮುಂಗಡ ಕೇಳುತ್ತಿದ್ದಾರೆ, ಕೊಡಬಹುದಾ?" "ಚದರಡಿಗೆ ಇಷ್ಟು ಅಂತ ಮಾತಾಡಿದ್ದೆವು, ಈಗ ಬಿಲ್ಲು ಎರಡರಷ್ಟಾಗಿದೆ, ಏನು ಮಾಡೋದು?" "ಕೆಲಸ ಅರ್ಧಕ್ಕೆ ನಿಂತು ತಿಂಗಳಾಯ್ತು, ಫೋನ್ ಎತ್ತುತ್ತಿಲ್ಲ." ತುಮಕೂರಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಹೊಸ ಮನೆ ಕಟ್ಟಿಸುವುದಕ್ಕಿಂತ ಹಳೇ ಮನೆ ರಿಪೇರಿ ಮಾಡಿಸುವುದು ಕಷ್ಟ. ಹೊಸ ಮನೆಗೆ ನಕ್ಷೆ ಇರುತ್ತದೆ, ಅಳತೆ ಇರುತ್ತದೆ. ರಿಪೇರಿಯಲ್ಲಿ ಗೋಡೆ ಒಡೆದ ಮೇಲೇ ಒಳಗೆ ಏನಿದೆ ಅಂತ ಗೊತ್ತಾಗುವುದು. ಜಗಳ ಹುಟ್ಟುವುದೂ ಅಲ್ಲೇ. ನಾನು ನೋಡಿದ ಮಟ್ಟಿಗೆ ಬಹಳಷ್ಟು ಜಗಳಗಳಿಗೆ ಮೇಸ್ತ್ರಿಯ ಮೋಸ ಕಾರಣವಲ್ಲ. ಏನು ಮಾಡಬೇಕು ಅಂತ ಬರೆದಿಟ್ಟಿರುವುದಿಲ್ಲ, ದುಡ್ಡು ಕೆಲಸಕ್ಕಿಂತ ಮುಂದೆ ಹೋಗಿರುತ್ತದೆ. ಈ ಎರಡನ್ನು ಹಿಡಿತದಲ್ಲಿಟ್ಟುಕೊಂಡರೆ ಉಳಿದದ್ದು ಸುಧಾರಿಸಬಹುದು.

1. ಮೊದಲು ಪಟ್ಟಿ ಬರೆಯಿರಿ, ಆಮೇಲೆ ಮೇಸ್ತ್ರಿಯನ್ನು ಕರೆಯಿರಿ

ಮೇಸ್ತ್ರಿ ಬಂದು ನಿಂತಾಗ "ಅಡುಗೆಮನೆ ಸ್ವಲ್ಪ ಚೆನ್ನಾಗಿ ಮಾಡಿಕೊಡಿ" ಅಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ. ಅವರ ತಲೆಯಲ್ಲಿರುವ "ಚೆನ್ನಾಗಿ" ಬೇರೆ, ನಿಮ್ಮ ತಲೆಯಲ್ಲಿರುವುದು ಬೇರೆ. ಒಂದು ನೋಟ್‌ಬುಕ್ ತೆಗೆದುಕೊಂಡು ರೂಮಿಗೊಂದು ಪುಟ ಇಡಿ. ಏನು ಒಡೆಯಬೇಕು, ಏನು ಉಳಿಸಬೇಕು, ಹೊಸದಾಗಿ ಏನು ಬರಬೇಕು ಅಂತ ಬರೆಯಿರಿ. ಕರೆಂಟ್ ಪಾಯಿಂಟ್ ಎಲ್ಲಿ, ನಲ್ಲಿ ಎಲ್ಲಿ, ಟೈಲ್ಸ್ ಎಷ್ಟು ಎತ್ತರ, ಇದನ್ನೂ ಬರೆಯಿರಿ. ಆಮೇಲೆ ಪಟ್ಟಿಯನ್ನು ಎರಡು ಭಾಗ ಮಾಡಿ. ಸೋರುವ ತಾರಸಿ, ಹಳೇ ವೈರಿಂಗ್, ಒಡೆದ ಪೈಪು ಮೊದಲ ಭಾಗ. ಫಾಲ್ಸ್ ಸೀಲಿಂಗ್, ಟಿವಿ ಗೋಡೆಯ ಅಲಂಕಾರ ಎರಡನೆಯ ಭಾಗ. ದುಡ್ಡು ಕಡಿಮೆ ಬಿದ್ದಾಗ ಯಾವುದನ್ನು ಬಿಡಬೇಕು ಅಂತ ಆಗ ಯೋಚನೆ ಮಾಡಬೇಕಾಗುವುದಿಲ್ಲ.

ಕೈಯಲ್ಲಿರುವ ದುಡ್ಡಿನಲ್ಲಿ ಕಾಲು ಭಾಗದಷ್ಟನ್ನು ಪಕ್ಕಕ್ಕಿಡಿ. ಮೇಸ್ತ್ರಿಗೆ ಅದರ ಸುದ್ದಿ ಹೇಳಬೇಡಿ. ಹಳೇ ಮನೆಯಲ್ಲಿ ಟೈಲ್ಸ್ ಕೀಳಿದಾಗ ಕೆಳಗೆ ಕೊಳೆತ ಪೈಪು, ಪ್ಲಾಸ್ಟರ್ ಕೆರೆದಾಗ ತುಕ್ಕು ಹಿಡಿದ ಕಂಬಿ ಸಿಗುವುದು ಮಾಮೂಲು.

ಇಲ್ಲಿ ಒಂದು ಎಚ್ಚರಿಕೆ. ಚಿಕ್ಕಪೇಟೆ, ಹೊರಪೇಟೆ ಥರದ ಹಳೇ ಬೀದಿಗಳಲ್ಲಿ, ಸುತ್ತಮುತ್ತಲ ಹಳ್ಳಿಗಳಲ್ಲಿ ಕಲ್ಲು ಗೋಡೆಯ ಮೇಲೆ ಕಲ್ಲು ಚಪ್ಪಡಿ ಹಾಸಿದ ಮನೆಗಳು ಇನ್ನೂ ಇವೆ. ಅವುಗಳಿಗೆ ಪಿಲ್ಲರ್ ಇರುವುದಿಲ್ಲ. ಮೇಲಿನ ಭಾರವನ್ನು ಪೂರ್ತಿ ಗೋಡೆಗಳೇ ಹೊತ್ತಿರುತ್ತವೆ. ಹಿಂದಿನ ಕಾಲದಲ್ಲಿ ಕಟ್ಟಿದ ಎಷ್ಟೋ ಇಟ್ಟಿಗೆ ಮನೆಗಳೂ ಹೀಗೇ. "ಹಾಲ್ ದೊಡ್ಡದಾಗುತ್ತೆ, ನಡುವಿನ ಗೋಡೆ ತೆಗೆದುಬಿಡೋಣ" ಅಂತ ಯಾರಾದರೂ ಸುಲಭವಾಗಿ ಹೇಳಿದರೆ ಒಪ್ಪಬೇಡಿ. ಗೋಡೆ ತೆಗೆಯುವುದು, ಬಾಗಿಲು ಅಗಲ ಮಾಡುವುದು, ಮೇಲೆ ಮಹಡಿ ಎಬ್ಬಿಸುವುದು, ತಾರಸಿ ಮೇಲೆ ದೊಡ್ಡ ನೀರಿನ ಟ್ಯಾಂಕ್ ಕೂರಿಸುವುದು, ಇವಕ್ಕೆ ಮೊದಲು ಒಬ್ಬ ಸಿವಿಲ್ ಇಂಜಿನಿಯರ್ ಬಂದು ನೋಡಲಿ. ಸಾವಿರ ಲೀಟರ್ ಟ್ಯಾಂಕ್ ತುಂಬಿದರೆ ನೀರೇ ಒಂದು ಟನ್ ತೂಗುತ್ತದೆ. ಇಂಜಿನಿಯರ್‌ಗೆ ಕೊಡುವ ಫೀಸು ಒಟ್ಟು ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮಹಡಿ ಕಟ್ಟುವುದು, ರೂಮು ಸೇರಿಸುವುದು ಇದ್ದರೆ ಮಹಾನಗರ ಪಾಲಿಕೆಯ ಪರವಾನಗಿ ಬೇಕು. ಬಣ್ಣ, ಟೈಲ್ಸ್, ಪ್ಲಾಸ್ಟರ್ ರಿಪೇರಿಗೆ ಬೇಡ. ಕರೆಂಟ್ ಮೀಟರ್ ಜಾಗ ಬದಲಾಯಿಸುವುದಿದ್ದರೆ ನಿಮ್ಮ ಎಲೆಕ್ಟ್ರಿಷಿಯನ್ ತಾವೇ ಕಿತ್ತು ಕೂರಿಸುವ ಹಾಗಿಲ್ಲ. ಬೆಸ್ಕಾಂಗೆ ಅರ್ಜಿ ಕೊಟ್ಟು, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಬೇಕು.

ಕಾಲವನ್ನೂ ನೋಡಿಕೊಳ್ಳಿ. ನಮ್ಮ ಜಿಲ್ಲೆಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತಾರಸಿ ಕೆಲಸ ಅಷ್ಟರೊಳಗೆ ಮುಗಿದಿರಬೇಕು. ಯುಗಾದಿ, ಗೌರಿ-ಗಣೇಶ, ದಸರಾ, ದೀಪಾವಳಿಗೆ ಕೆಲಸದವರು ಊರಿಗೆ ಹೋದರೆ ವಾರ ಕಳೆದರೂ ಬರುವುದಿಲ್ಲ. ಆಷಾಢದಲ್ಲಿ ಹೊಸ ಮನೆ ಶುರು ಮಾಡುವವರು ಕಡಿಮೆ. ರಿಪೇರಿಗೆ ಆಷಾಢ ನೋಡದ ಮನೆಯವರಾದರೆ ಒಳ್ಳೆಯ ಮೇಸ್ತ್ರಿ ಬಿಡುವಾಗಿ ಸಿಗುವ ಕಾಲ ಅದು.

2. ಯಾವ ಥರದ ಗುತ್ತಿಗೆ ಅಂತ ತೀರ್ಮಾನ ಮಾಡಿ

ನಮ್ಮಲ್ಲಿ ಮೂರು ಥರ ನಡೆಯುತ್ತದೆ. ಮೊದಲನೆಯದು ದಿನಗೂಲಿ. ಗಾರೆಯವರಿಗೆ, ಹೆಲ್ಪರ್‌ಗೆ ದಿನಕ್ಕೆ ಇಷ್ಟು ಅಂತ ಕೊಡುವುದು. ಎರಡು ಮೂರು ದಿನದ ಸಣ್ಣ ಕೆಲಸಕ್ಕೆ ಇದು ಸರಿ. ದೊಡ್ಡ ಕೆಲಸಕ್ಕೆ ಇದನ್ನು ಹಿಡಿದರೆ ಕೆಲಸ ಎಳೆಯುತ್ತಲೇ ಹೋಗುತ್ತದೆ.

ಎರಡನೆಯದು ಲೇಬರ್ ಕಂಟ್ರಾಕ್ಟ್. ಸಾಮಾನು ನೀವು ತಂದುಕೊಡುತ್ತೀರಿ, ಕೆಲಸ ಅವರದ್ದು. ಅಳತೆಯ ಮೇಲೆ ದುಡ್ಡು. ಮನೆಯಲ್ಲಿ ಹಗಲು ಹೊತ್ತು ಒಬ್ಬರು ಇರುತ್ತೀರಿ, ಅಂಗಡಿಗೆ ಓಡಾಡಲು ಆಗುತ್ತದೆ ಅಂತಾದರೆ ರಿಪೇರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಸಿಮೆಂಟ್ ಯಾವುದು, ವೈರ್ ಯಾವುದು ಅಂತ ನಿಮ್ಮ ಕಣ್ಣ ಮುಂದೇ ಇರುತ್ತದೆ.

ಮೂರನೆಯದು ಮೆಟೀರಿಯಲ್ ಸಮೇತ. ಎಲ್ಲವೂ ಗುತ್ತಿಗೆದಾರರದ್ದೇ. ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು, ಬೇರೆ ಊರಲ್ಲಿದ್ದು ಅಪ್ಪ ಅಮ್ಮನ ಮನೆ ಮಾಡಿಸುವವರು ಇದನ್ನೇ ಹಿಡಿಯಬೇಕಾಗುತ್ತದೆ. ಹಾಗಾದರೆ ಪ್ರತಿ ಸಾಮಾನಿನ ಬ್ರ್ಯಾಂಡು, ದರ್ಜೆ ಬರವಣಿಗೆಯಲ್ಲಿ ಇರಲೇಬೇಕು. "ಒಳ್ಳೇ ಕ್ವಾಲಿಟಿ ಹಾಕ್ತೀವಿ ಸಾರ್" ಅನ್ನುವ ಮಾತನ್ನು ಆಮೇಲೆ ಯಾರೂ ಅಳೆಯಲು ಆಗುವುದಿಲ್ಲ.

3. ಯಾರನ್ನು ಹಿಡಿಯುವುದು

ಈಗಷ್ಟೇ ಮುಗಿದ ಮನೆ ನೋಡಿ ಮೇಸ್ತ್ರಿಯನ್ನು ಆರಿಸಬೇಡಿ. ಹೊಸ ಬಣ್ಣದಲ್ಲಿ ಎಲ್ಲ ಮನೆಯೂ ಚೆಂದ ಕಾಣುತ್ತದೆ. ಆ ಮೇಸ್ತ್ರಿ ಮಾಡಿ ಎರಡು ಮಳೆಗಾಲ ಕಳೆದ ಮನೆ ಯಾವುದು ಅಂತ ಕೇಳಿ, ಅಲ್ಲಿಗೆ ಹೋಗಿ. ಮನೆಯವರನ್ನು "ಕೆಲಸ ಹೇಗಿದೆ" ಅಂತ ಕೇಳುವ ಬದಲು "ಆಮೇಲೆ ಏನಾದರೂ ತೊಂದರೆ ಬಂದಾಗ ಕರೆದರೆ ಬಂದರಾ?" ಅಂತ ಕೇಳಿ. ಬಾತ್‌ರೂಮಿನ ಹೊರಗೋಡೆಯಲ್ಲಿ ತೇವದ ಕಲೆ ಇದೆಯಾ ನೋಡಿ.

ಈಗ ನಡೆಯುತ್ತಿರುವ ಅವರ ಇನ್ನೊಂದು ಕೆಲಸದ ಜಾಗಕ್ಕೂ ಹೇಳದೆ ಒಮ್ಮೆ ಹೋಗಿಬನ್ನಿ. ಸಿಮೆಂಟ್ ಚೀಲ ನೆಲದ ಮೇಲೇ ಬಿದ್ದಿದೆಯಾ, ಹಲಗೆ ಮೇಲೆ ಜೋಡಿಸಿದ್ದಾರಾ? ನಿನ್ನೆ ಮಾಡಿದ ಪ್ಲಾಸ್ಟರ್‌ಗೆ ನೀರು ಹಾಕಿದ್ದಾರಾ? ಇಷ್ಟು ನೋಡಿದರೆ ಮೇಸ್ತ್ರಿಯ ಶಿಸ್ತು ಗೊತ್ತಾಗುತ್ತದೆ.

ಹಾರ್ಡ್‌ವೇರ್ ಅಂಗಡಿಯವರು, ಟೈಲ್ಸ್ ಅಂಗಡಿಯವರು ಹೇಳಿದ ಹೆಸರನ್ನೂ ಕೇಳಿ, ಆದರೆ ಅವರ ಮಧ್ಯೆ ಕಮಿಷನ್ ಇರಬಹುದು ಅನ್ನುವುದು ನೆನಪಿರಲಿ. ಮಾತಾಡುವಾಗ ಈ ಎರಡು ಪ್ರಶ್ನೆ ಬಿಡಬೇಡಿ: "ಈಗ ಎಷ್ಟು ಕಡೆ ಕೆಲಸ ನಡೀತಿದೆ?" "ದಿನಾ ಇಲ್ಲಿ ನಿಂತು ಮಾಡಿಸೋರು ಯಾರು?" ಮಾತಾಡಲು ಬರುವವರು ಒಬ್ಬರು, ಕೆಲಸ ವಹಿಸಿಕೊಡುವುದು ಇನ್ನೊಬ್ಬರಿಗೆ ಅಂತಾದರೆ ಆ ಇನ್ನೊಬ್ಬರನ್ನೂ ಮೊದಲೇ ನೋಡಬೇಕು.

4. ಕೊಟೇಷನ್: ದರಕ್ಕಿಂತ ಅಳತೆ ಮುಖ್ಯ

ಕನಿಷ್ಠ ಮೂವರಿಂದ ಕೊಟೇಷನ್ ತೆಗೆದುಕೊಳ್ಳಿ. ಮೂವರಿಗೂ ನಿಮ್ಮ ಅದೇ ಪಟ್ಟಿಯ ಜೆರಾಕ್ಸ್ ಕೊಡಿ. ಇಲ್ಲದಿದ್ದರೆ ಒಬ್ಬರು ವಾಟರ್‌ಪ್ರೂಫಿಂಗ್ ಸೇರಿಸಿರುತ್ತಾರೆ, ಇನ್ನೊಬ್ಬರು ಬಿಟ್ಟಿರುತ್ತಾರೆ, ನೀವು ಮೊತ್ತ ಮಾತ್ರ ನೋಡಿ ಮೋಸ ಹೋಗುತ್ತೀರಿ.

ಕೆಲವು ಮಾತುಗಳ ಅರ್ಥ ಗೊತ್ತಿರಲಿ. ಚದರಡಿ ಅಂದರೆ ಉದ್ದ ಅಗಲ ಅಡಿಯಲ್ಲಿ ಗುಣಿಸಿದ್ದು. ನಮ್ಮ ಕಡೆ ಮೇಸ್ತ್ರಿಗಳು "ಚದರ" ಅಂದರೆ ನೂರು ಚದರಡಿ. ಹತ್ತು ಚದರದ ಮನೆ ಅಂದರೆ ಸಾವಿರ ಚದರಡಿ. ರನ್ನಿಂಗ್ ಅಡಿ ಅಂದರೆ ಉದ್ದ ಮಾತ್ರ ಅಳೆಯುವುದು. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಅಂಟಿಸುವ ಟೈಲ್ಸ್ ಪಟ್ಟಿ), ಅಡುಗೆ ಕಟ್ಟೆಯ ಗ್ರಾನೈಟ್ ಅಂಚು ತಿದ್ದುವುದು ಈ ಲೆಕ್ಕದಲ್ಲಿ ಬರುತ್ತವೆ. ಲಂಪ್‌ಸಮ್ ಅಂದರೆ ಅಳತೆ ಇಲ್ಲದೆ ಒಟ್ಟಿಗೆ ಇಷ್ಟು ಅಂತ ಮಾತಾಡಿಕೊಳ್ಳುವುದು.

ಅಳತೆ ಹೇಗೆ ಬೆಳೆಯುತ್ತದೆ ಅಂತ ಒಂದು ಬಾತ್‌ರೂಮಿನಲ್ಲೇ ನೋಡೋಣ. ಒಳಗೆ 5 ಅಡಿ ಅಗಲ, 8 ಅಡಿ ಉದ್ದ. ನೆಲ 40 ಚದರಡಿ. "ನಲವತ್ತಡಿ ಬಾತ್‌ರೂಮು" ಅಂತ ಮನೆಯವರು ಲೆಕ್ಕ ಹಾಕಿಕೊಂಡಿರುತ್ತಾರೆ. ಆದರೆ ಟೈಲ್ಸ್ ಗೋಡೆಗೂ ಬರುತ್ತದೆ. ನಾಲ್ಕು ಗೋಡೆಯ ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ ಹಾಕಿದರೆ 182 ಚದರಡಿ. ಎರಡೂವರೆ ಅಡಿ ಬಾಗಿಲಿನ ಜಾಗ 17.5 ಚದರಡಿ ಕಳೆದರೆ 164.5. ನೆಲವೂ ಸೇರಿ ಸುಮಾರು 205 ಚದರಡಿ. ಕತ್ತರಿಸುವಾಗ ಹಾಳಾಗುವುದಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ ಅಂಗಡಿಯಿಂದ 225 ಚದರಡಿಯಷ್ಟು ತರಬೇಕು. ಆದರೆ ಕೂಲಿ ಕೊಡುವುದು 205ಕ್ಕೆ, 225ಕ್ಕಲ್ಲ. ಬಾಗಿಲು ಕಳೆಯದೆ ಅಳೆದರೆ 222 ಆಗುತ್ತದೆ. ಒಂದು ಬಾತ್‌ರೂಮಿನಲ್ಲಿ ಇದು ಸಣ್ಣ ವ್ಯತ್ಯಾಸ. ಇಡೀ ಮನೆಯ ಪ್ಲಾಸ್ಟರ್, ಪುಟ್ಟಿ, ಬಣ್ಣದಲ್ಲಿ ಬಾಗಿಲು ಕಿಟಕಿ ಕಳೆಯುವುದು ಬಿಡುವುದು ಸಾವಿರಾರು ರೂಪಾಯಿಯ ಮಾತು. ಕೆಲವು ಮೇಸ್ತ್ರಿಗಳು ಕಿಟಕಿ ಕಳೆಯುವುದಿಲ್ಲ, ಅದರ ಅಂಚು ತಿದ್ದುವ ಕೂಲಿ ಅದರಲ್ಲೇ ಬಂತು ಅನ್ನುತ್ತಾರೆ. ಅದರಲ್ಲೂ ನ್ಯಾಯ ಇದೆ. ಯಾವುದೇ ಆಗಲಿ, ಕೆಲಸಕ್ಕೆ ಮುಂಚೆ ಕೇಳಿ ಬರೆದುಕೊಳ್ಳಿ: "ಓಪನಿಂಗ್ ಕಳೀತೀರಾ, ಇಲ್ವಾ?"

ಮೂರರಲ್ಲಿ ಒಂದು ಕೊಟೇಷನ್ ತೀರಾ ಕಡಿಮೆ ಇದ್ದರೆ ಖುಷಿಪಡುವ ಮೊದಲು ಅದರಲ್ಲಿ ಏನಿಲ್ಲ ಅಂತ ಹುಡುಕಿ. ಸಾಮಾನ್ಯವಾಗಿ ಬಿಟ್ಟಿರುವುದು ಇವು: ಒಡೆಯುವ ಕೂಲಿ, ಒಡೆದ ಮಣ್ಣು ಕಲ್ಲು ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ವೈರ್ ಮತ್ತು ಪೈಪಿಗಾಗಿ ಗೋಡೆ ಕೊರೆದು ಮತ್ತೆ ಮುಚ್ಚುವುದು, ಟೈಲ್ಸ್ ಮೇಲಿನ ಮಹಡಿಗೆ ಹೊರುವ ಕೂಲಿ, ಜಾಯಿಂಟ್ ತುಂಬುವುದು, ಕೊನೆಗೆ ತೊಳೆದು ಕೊಡುವುದು. ಇವೆಲ್ಲ ಆಮೇಲೆ "ಎಕ್ಸ್‌ಟ್ರಾ" ಅಂತ ಬರುತ್ತವೆ.

ಜಿಎಸ್‌ಟಿ ಸೇರಿಸಿ ಕೇಳಿದರೆ ಜಿಎಸ್‌ಟಿ ನಂಬರ್ ಇರುವ ಬಿಲ್ಲು ಕೇಳಿ. ಅದು 15 ಅಕ್ಷರ, ಅಂಕಿಗಳ ನಂಬರು. ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ ಅಂತ ಗೊತ್ತಾಗುತ್ತದೆ. ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ.

5. ಬರವಣಿಗೆ ಮಾಡಿಕೊಳ್ಳಿ

"ಅಯ್ಯೋ, ಅದೆಲ್ಲ ಯಾಕೆ ಸಾರ್ ಬರೆಯೋದು, ನಂಬಿಕೆ ಇಲ್ವಾ?" ಈ ಮಾತು ಬಂದೇ ಬರುತ್ತದೆ. ಮುಖ ಗಂಟು ಹಾಕಬೇಡಿ. "ನಂಬಿಕೆ ಇದೆ ಅಂತಲೇ ನಿಮಗೆ ಕೊಡ್ತಿದ್ದೀನಿ ಮೇಸ್ತ್ರಿ. ನಾಳೆ ಇಬ್ಬರಿಗೂ ಮರೀಬಾರದು ಅಂತ ಬರೀತಿದ್ದೀನಿ" ಅನ್ನಿ. ಹಾಗೆ ಹೇಳಿದರೆ ಒಪ್ಪುವವರೇ ಜಾಸ್ತಿ. ಅಷ್ಟಕ್ಕೂ ಒಪ್ಪದಿದ್ದರೆ ಅವರನ್ನು ಬಿಡುವುದೇ ಒಳ್ಳೆಯದು.

ಛಾಪಾ ಕಾಗದದಲ್ಲಿ ಬರೆಸಿದರೆ ಒಳ್ಳೆಯದು. ಸಣ್ಣ ಕೆಲಸಕ್ಕೆ ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಇಬ್ಬರ ಬಳಿಯೂ ಪ್ರತಿ ಇದ್ದರೂ ಸಾಕು. ಭಾಷೆ ಸರಳವಾಗಿರಲಿ, ಮೇಸ್ತ್ರಿಗೆ ಓದಿ ಹೇಳಿ. ಅದರಲ್ಲಿ ಇರಬೇಕಾದ್ದು: ಇಬ್ಬರ ಹೆಸರು, ವಿಳಾಸ, ಫೋನ್ ನಂಬರ್; ಕೆಲಸದ ಪಟ್ಟಿ; ಸಾಮಾನು ಯಾರದ್ದು, ಯಾವ ಬ್ರ್ಯಾಂಡು; ದರ ಮತ್ತು ಅಳೆಯುವ ರೀತಿ; ಯಾವ ಹಂತಕ್ಕೆ ಎಷ್ಟು ದುಡ್ಡು; ಶುರು ಮತ್ತು ಮುಗಿಸುವ ದಿನ; ತಡವಾದರೆ ಏನು; ಮಧ್ಯೆ ಬಿಟ್ಟುಹೋದರೆ ಲೆಕ್ಕ ಹೇಗೆ; ಕೆಲಸದವರಿಗೆ ಪೆಟ್ಟಾದರೆ ಹೊಣೆ ಯಾರದ್ದು. ವಾಟರ್‌ಪ್ರೂಫಿಂಗ್ ವಾರಂಟಿ ಬಗ್ಗೆ ಒಂದು ಸಾಲು ಜಾಸ್ತಿ ಬರೆಸಿ. "ಸೋರಿದರೆ ಸರಿ ಮಾಡಿಕೊಡುತ್ತೇವೆ" ಅಂದರೆ ಸಾಲದು. ಸೋರಿದರೆ ಮೇಲಿನ ಟೈಲ್ಸ್ ಒಡೆಯಬೇಕಲ್ವಾ? ಆ ಟೈಲ್ಸ್ ಮತ್ತೆ ಹಾಕುವ ಖರ್ಚು ಯಾರದ್ದು ಅಂತಲೂ ಇರಬೇಕು.

ಬಾಯಿಮಾತಿನಲ್ಲಿ ಏನೇ ಬದಲಾದರೂ ಅವತ್ತೇ ವಾಟ್ಸಾಪ್‌ನಲ್ಲಿ ಹಾಕಿ, "ಸರಿ" ಅಂತ ಉತ್ತರ ತರಿಸಿಕೊಳ್ಳಿ. ಆಮೇಲೆ ಅದೇ ದಾಖಲೆ.

6. ದುಡ್ಡು ಹೇಗೆ ಕೊಡುವುದು

ನನ್ನನ್ನು ಕೇಳಿದರೆ ಮುಂಗಡ ಹತ್ತು ಪರ್ಸೆಂಟ್ ದಾಟಬಾರದು. "ಸಾಮಾನು ತರಬೇಕು, ಜಾಸ್ತಿ ಬೇಕು" ಅಂದರೆ ಅಂಗಡಿಗೆ ನೀವೇ ಹೋಗಿ ಕಟ್ಟಿ, ಬಿಲ್ಲು ನಿಮ್ಮ ಹೆಸರಿಗೆ ಹಾಕಿಸಿ. ಅದನ್ನು ಗುತ್ತಿಗೆ ಮೊತ್ತದಲ್ಲಿ ಕಳೆಯಿರಿ. ಮುಂಗಡವಾಗಿ ಕೊಟ್ಟ ದೊಡ್ಡ ದುಡ್ಡು ಎಷ್ಟೋ ಸಲ ಅವರ ಇನ್ನೊಂದು ಕೆಲಸದ ಹಳೇ ಸಾಲಕ್ಕೆ ಹೋಗಿರುತ್ತದೆ.

ನಾಲ್ಕು ಲಕ್ಷದ ಕೆಲಸ ಅಂತ ಇಟ್ಟುಕೊಳ್ಳಿ. ಮುಂಗಡ 40,000. ಒಡೆದು, ಪೈಪು ಮತ್ತು ವೈರ್ ಲೈನ್ ಎಳೆದು ಪರೀಕ್ಷೆ ಆದ ಮೇಲೆ 80,000. ವಾಟರ್‌ಪ್ರೂಫಿಂಗ್, ಪ್ಲಾಸ್ಟರ್ ಮುಗಿದರೆ 1,00,000. ಟೈಲ್ಸ್ ಮುಗಿದರೆ 1,00,000. ಬಣ್ಣ, ನಲ್ಲಿ, ಸ್ವಿಚ್ ಎಲ್ಲ ಕೂರಿಸಿ ಮನೆ ತೊಳೆದು ಕೊಟ್ಟ ದಿನ 60,000. ಉಳಿದ 20,000 ಒಂದು ಜೋರು ಮಳೆ ಕಳೆದ ಮೇಲೆ. ಹಂತದ ಹೆಸರು "ಎರಡನೇ ವಾರ", "ಮೂರನೇ ವಾರ" ಅಂತ ಇಡಬೇಡಿ. ವಾರ ತಾನಾಗಿ ಬರುತ್ತದೆ, ಕೆಲಸ ಬರುವುದಿಲ್ಲ.

ಶನಿವಾರದ ಬಟವಾಡೆಯ ವಿಷಯದಲ್ಲಿ ಸ್ವಲ್ಪ ಮೃದುವಾಗಿರಿ. ಕೆಲಸದವರು ವಾರದ ಕೂಲಿ ನಂಬಿಕೊಂಡು ಬದುಕುವವರು. ಮೇಸ್ತ್ರಿ ಶನಿವಾರ ಸಂಜೆ "ಬಟವಾಡೆಗೆ ಸ್ವಲ್ಪ ಬೇಕು" ಅಂತ ಕೇಳಿದರೆ, ಆ ವಾರ ಎಷ್ಟು ಕೆಲಸ ಆಗಿದೆ ನೋಡಿ, ಅಷ್ಟರ ಕೂಲಿಗೆ ತಕ್ಕಷ್ಟು ಕೊಡಿ, ಅದನ್ನು ಮುಂದಿನ ಹಂತದ ದುಡ್ಡಿನಲ್ಲಿ ಕಳೆಯಿರಿ. ಕೊಡಬೇಕಾದ ದುಡ್ಡನ್ನು ಸುಮ್ನೆ ತಡ ಮಾಡಬೇಡಿ. ಸೋಮವಾರ ಕೆಲಸದವರು ಬರದೆ ಇರುವುದಕ್ಕೆ ಎಷ್ಟೋ ಸಲ ಕಾರಣ ಶನಿವಾರ ಕೂಲಿ ಸಿಗದೇ ಇರುವುದು.

ಆದಷ್ಟು ಬ್ಯಾಂಕ್ ಅಥವಾ ಯುಪಿಐ ಮೂಲಕ ಕೊಡಿ, ಷರಾ ಜಾಗದಲ್ಲಿ "ಟೈಲ್ಸ್ ಹಂತ" ಅಂತ ಬರೆಯಿರಿ. ನಗದು ಕೊಟ್ಟರೆ ನೋಟ್‌ಬುಕ್ಕಿನಲ್ಲಿ ತಾರೀಕು, ಮೊತ್ತ ಬರೆದು ಸಹಿ ತೆಗೆದುಕೊಳ್ಳಿ.

7. ಸಾಮಾನು ಬಂದಾಗ ನೋಡಬೇಕಾದ್ದು

ಸಿಮೆಂಟ್ ಚೀಲದ ಮೇಲೆ ತುಂಬಿದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ. ಚೀಲದೊಳಗೆ ಕೈ ಹಾಕಿದರೆ ತಣ್ಣಗಿರಬೇಕು, ಗಂಟು ಸಿಗಬಾರದು.

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಮರಳು) ಕಾಂಕ್ರೀಟಿಗೆ, ಗೋಡೆ ಕಟ್ಟಲು. ಪ್ಲಾಸ್ಟರ್‌ಗೆ ಅದಕ್ಕಿಂತ ಸಣ್ಣ ಪಿ-ಸ್ಯಾಂಡ್. ಒಂದೇ ಲೋಡ್ ತರಿಸಿ ಎರಡಕ್ಕೂ ಹಾಕಿದರೆ ಪ್ಲಾಸ್ಟರ್ ಒರಟಾಗುತ್ತದೆ ಅಥವಾ ಕಾಂಕ್ರೀಟ್ ಬಲ ಕಳೆದುಕೊಳ್ಳುತ್ತದೆ. ಕ್ರಷರ್ ದೂಳನ್ನೇ ಎಂ-ಸ್ಯಾಂಡ್ ಅಂತ ಕೊಡುವುದೂ ಉಂಟು. ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ಬಿಡಿ. ದಪ್ಪ ಮರಳು ತಳಕ್ಕೆ ಹೋಗಿ ದೂಳು ಮೇಲೆ ಪದರವಾಗಿ ಕೂರುತ್ತದೆ. ಆ ಪದರ ತೀರಾ ದಪ್ಪವಿದ್ದರೆ ಲೋಡ್ ವಾಪಸ್ ಕಳಿಸಿ.

ಪ್ಲೈವುಡ್ ಮೇಲೆ ಐಎಸ್ 303 ಅಂತಿದ್ದರೆ ಸಾಮಾನ್ಯ ದರ್ಜೆ, 710 ಅಂತಿದ್ದರೆ ನೀರು ತಡೆಯುವ ಮೆರೈನ್ ದರ್ಜೆ. ಸಿಂಕ್ ಕೆಳಗಿನ ಕಪಾಟಿಗೆ 710 ಬೇಕು. ವೈರ್‌ನಲ್ಲಿ ಲೈಟ್, ಫ್ಯಾನಿಗೆ 1.5 ಚದರ ಮಿಲಿಮೀಟರ್, ಪವರ್ ಸಾಕೆಟ್‌ಗೆ 2.5, ಗೀಸರ್ ಮತ್ತು ಎಸಿಗೆ 4 ಹಾಕಿಸುವುದು ರೂಢಿ. ಬಿಸಿನೀರಿಗೆ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಸೋರಿ ಯಾರಿಗಾದರೂ ಶಾಕ್ ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿದುಹಾಕುವ ಸ್ವಿಚ್ಚು ಅದು. ಹಳೇ ಮನೆಗಳಲ್ಲಿ ಇದು ಇರುವುದೇ ಅಪರೂಪ. ಅರ್ತಿಂಗ್ ಸರಿಯಿದೆಯಾ ಅಂತಲೂ ಇದೇ ಸಮಯದಲ್ಲಿ ನೋಡಿಸಿ.

8. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮುಂಚೆ ನೋಡಿ

ಇಡೀ ರಿಪೇರಿಯಲ್ಲಿ ನೀವು ರಜೆ ಹಾಕಿ ಮನೆಯಲ್ಲಿರಬೇಕಾದ ದಿನಗಳು ಇವೇ. ಬಣ್ಣ ಸರಿಬರದಿದ್ದರೆ ಇನ್ನೊಂದು ಕೋಟ್ ಹೊಡೆಸಬಹುದು. ಟೈಲ್ಸ್ ಕೆಳಗಿನ ಪೈಪು ಸೋರಿದರೆ ಮತ್ತೆ ಎಲ್ಲ ಒಡೆಯಬೇಕು.

ಪೈಪು ಎಳೆದ ಮೇಲೆ, ಗೋಡೆ ಮುಚ್ಚುವ ಮುಂಚೆ, ಪ್ಲಂಬರ್ ಕೈಯಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಕೈಪಂಪಿನಿಂದ ಪೈಪಿನೊಳಗೆ ನೀರಿನ ಒತ್ತಡ ಏರಿಸಿ, ಮೀಟರಿನ ಮುಳ್ಳು ಇಳಿಯುತ್ತದಾ ಅಂತ ಒಂದೆರಡು ಗಂಟೆ ಕಾಯುವುದು. ಮುಳ್ಳು ಇಳಿದರೆ ಎಲ್ಲೋ ಜಾಯಿಂಟ್ ಬಿಟ್ಟಿದೆ ಅಂತ ಅರ್ಥ. ಪೈಪು, ವೈರ್ ಹೋಗಿರುವ ಗೋಡೆಗಳ ಫೋಟೋ ತೆಗೆಯಿರಿ, ಟೇಪ್ ಹಿಡಿದು ನೆಲದಿಂದ ಎಷ್ಟು ಎತ್ತರ ಅಂತ ಕಾಣುವ ಹಾಗೆ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ನೀರು ನಿಲ್ಲಿಸಿ ನೋಡಬೇಕು. ಹೀಗೆ ಮಾಡಿ. ನೀರು ಹೋಗುವ ತೂತಿಗೆ ಬಟ್ಟೆ ಸುತ್ತಿ ಬಿಗಿಯಾಗಿ ಮುಚ್ಚಿ. ಬಾಗಿಲ ಬಳಿ ಇಟ್ಟಿಗೆ, ಗಾರೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿಸಿ. ಎರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಪಕ್ಕದಲ್ಲೇ ಅಗಲ ಬಾಯಿಯ ಒಂದು ಬೇಸಿನ್ನಿನಲ್ಲಿ ನೀರು ತುಂಬಿ ಅದಕ್ಕೂ ಗುರುತು ಹಾಕಿ. 48 ಗಂಟೆ ಬಿಡಿ. ಬಿಸಿಲಿಗೆ, ಗಾಳಿಗೆ ನೀರು ಸ್ವಲ್ಪ ಆರುವುದು ಸಹಜ. ಬೇಸಿನ್ನಿನಲ್ಲಿ ಎಷ್ಟು ಇಳಿದಿದೆಯೋ ನೆಲದಲ್ಲೂ ಅಷ್ಟೇ ಇಳಿದಿದ್ದರೆ ಸರಿ. ನೆಲದಲ್ಲಿ ಅದಕ್ಕಿಂತ ಜಾಸ್ತಿ ಇಳಿದಿದ್ದರೆ, ಕೆಳಗಿನ ರೂಮಿನ ಸೀಲಿಂಗ್, ಹೊರಗೋಡೆ, ಪಕ್ಕದ ರೂಮಿನ ಗೋಡೆಯ ಬುಡದಲ್ಲಿ ಕೈ ಆಡಿಸಿ ನೋಡಿದಾಗ ತೇವ ತಗುಲಿದರೆ, ಟೈಲ್ಸ್ ಹಾಕಲು ಬಿಡಬೇಡಿ. "ಇನ್ನೊಂದು ಕೋಟ್ ಹೊಡೆದು ಮುಂದುವರಿಸೋಣ" ಅಂದರೆ, ಹೊಡೆಯಲಿ, ಆದರೆ ಮತ್ತೆ 48 ಗಂಟೆ ನೀರು ನಿಲ್ಲಿಸಿದ ಮೇಲೇ ಮುಂದಿನ ಮಾತು. ಎರಡು ದಿನ ಕೆಲಸ ನಿಲ್ಲುತ್ತದೆ ಅಂತ ಮೇಸ್ತ್ರಿ ಗೊಣಗಬಹುದು. ಅದಕ್ಕೇ ಈ ಪರೀಕ್ಷೆಯನ್ನು ಬರವಣಿಗೆಯಲ್ಲಿ ಮೊದಲೇ ಸೇರಿಸಿಡಿ.

ಟೈಲ್ಸ್ ಹಾಕುವಾಗ ಇಳಿಜಾರು ನೋಡಿ. ಎಂಟು ಅಡಿ ಉದ್ದದ ಬಾತ್‌ರೂಮಿಗೆ ಸುಮಾರು ಒಂದು ಇಂಚು ಇಳಿಜಾರು ಬೇಕು. ಒಂದು ಬಕೆಟ್ ನೀರು ಸುರಿದರೆ ಎಲ್ಲೂ ನಿಲ್ಲದೆ ತೂತಿನ ಕಡೆ ಹೋಗಬೇಕು. ಟೈಲ್ಸ್ ಗಟ್ಟಿಯಾದ ಮೇಲೆ ನಾಣ್ಯದಿಂದ ನಾಲ್ಕು ಮೂಲೆ, ನಡುವೆ ತಟ್ಟಿ. ಟೊಳ್ಳು ಶಬ್ದ ಬಂದ ಕಡೆ ಕೆಳಗೆ ಗಾರೆ ಸರಿಯಾಗಿ ತುಂಬಿಲ್ಲ. ಒಂದೆರಡು ಮೂಲೆ ಪರವಾಗಿಲ್ಲ, ಇಡೀ ಟೈಲ್ ಟೊಳ್ಳಿದ್ದರೆ ಕಿತ್ತು ಹಾಕಿಸಿ.

ಕ್ಯೂರಿಂಗ್, ಅಂದರೆ ಸಿಮೆಂಟ್ ಕೆಲಸಕ್ಕೆ ನೀರುಣಿಸುವುದು. ಪ್ಲಾಸ್ಟರ್‌ಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಲ್ಲಿ ನೀರು ದಿನಾ ಬರದ ಬಡಾವಣೆಯಾದರೆ ಡ್ರಮ್ಮಿನಲ್ಲಿ ಹಿಡಿದಿಡಿ, ಬೇಕಾದರೆ ಟ್ಯಾಂಕರ್‌ಗೆ ಹೇಳಿ. ನೀರು ಹಾಕುವವರು ಯಾರು ಅಂತ ಮೊದಲೇ ಮಾತಾಡಿ. ಭಾನುವಾರ ಕೆಲಸದವರು ಬರುವುದಿಲ್ಲ, ಆ ದಿನ ನೀವೇ ಹಾಕಬೇಕು.

9. ಎಕ್ಸ್‌ಟ್ರಾ ಕೆಲಸ ಮತ್ತು ದಿನದಿನದ ವ್ಯವಹಾರ

ಕೆಲಸ ನಡೆಯುವಾಗ "ಹೇಗೂ ಒಡೆದಿದೀವಲ್ಲ, ಇಲ್ಲೂ ಒಂದು ಶೆಲ್ಫ್ ಮಾಡಿಬಿಡಿ" ಅಂತ ನೀವೇ ಹೇಳುತ್ತೀರಿ. ಮನೆಯಲ್ಲಿ ಇನ್ನೊಬ್ಬರು ಇನ್ನೊಂದು ಹೇಳುತ್ತಾರೆ. ಮೇಸ್ತ್ರಿ ಎಲ್ಲದಕ್ಕೂ "ಆಯ್ತು" ಅಂತಾರೆ, ಬಿಲ್ಲು ಕೊನೆಗೆ ಬರುತ್ತದೆ. ಮೇಸ್ತ್ರಿ ಜೊತೆ ಮಾತಾಡುವುದು ಮನೆಯಲ್ಲಿ ಒಬ್ಬರೇ ಆಗಿರಲಿ. ಹೊಸದಾಗಿ ಏನೇ ಸೇರಿದರೂ ಎಷ್ಟಾಗುತ್ತದೆ ಅಂತ ಕೇಳಿ, ವಾಟ್ಸಾಪ್‌ನಲ್ಲಿ ಮೊತ್ತ ಹಾಕಿಸಿಕೊಂಡ ಮೇಲೆ ಕೆಲಸಕ್ಕೆ ಹೂಂ ಅನ್ನಿ. ಒಡೆದಾಗ ಕೊಳೆತ ಪೈಪು ಸಿಕ್ಕಂಥ ಸಂದರ್ಭದಲ್ಲೂ ಮೊದಲು ಫೋಟೋ, ಆಮೇಲೆ ದರ, ಆಮೇಲೆ ಕೆಲಸ.

ತಪ್ಪು ಕಂಡಾಗ ಕೆಲಸದ ಹುಡುಗನನ್ನು ಬೈಯಬೇಡಿ, ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ತೋರಿಸಿ. ಎಲ್ಲರೆದುರು ಅಂದರೆ ಅವರು ತಪ್ಪು ಒಪ್ಪುವುದಿಲ್ಲ. ಕೆಲಸದವರಿಗೆ ಕುಡಿಯುವ ನೀರು, ಶೌಚಕ್ಕೊಂದು ಜಾಗ ಮೊದಲ ದಿನವೇ ತೋರಿಸಿ. ಸಾರವೆ (ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ಅಟ್ಟಣೆ) ಅಲ್ಲಾಡುತ್ತಿದ್ದರೆ ಹತ್ತಲು ಬಿಡಬೇಡಿ. ಬಿದ್ದರೆ ಹೋಗುವುದು ಒಂದು ಸಂಸಾರದ ಅನ್ನ. ಚಿಕ್ಕ ಮಕ್ಕಳನ್ನು ಕೆಲಸಕ್ಕೆ ಕರೆತಂದರೆ ಖಂಡಿತ ಒಪ್ಪಬೇಡಿ.

ಒಡೆದ ಮಣ್ಣು ಕಲ್ಲನ್ನು ರಸ್ತೆಗೆ, ಚರಂಡಿಗೆ, ಕೆರೆ ಅಂಗಳಕ್ಕೆ ಸುರಿಯುವ ಹಾಗಿಲ್ಲ. ಎಲ್ಲಿ ಹಾಕಬೇಕು ಅಂತ ಪಾಲಿಕೆಯಲ್ಲಿ ಕೇಳಿ, ಟ್ರ್ಯಾಕ್ಟರ್‌ನವರಿಗೂ ಅದನ್ನೇ ಹೇಳಿ. ಅಕ್ಕಪಕ್ಕದವರಿಗೆ ಒಡೆಯುವ ದಿನ ಮುಂಚಿತವಾಗಿ ಒಂದು ಮಾತು ತಿಳಿಸಿ.

10. ಕೆಲಸ ಮಧ್ಯೆ ನಿಂತರೆ

ಎರಡು ಮೂರು ದಿನ ಬರದಿದ್ದರೆ ಕಾರಣ ಕೇಳಿ, ಕಾಯಿರಿ. ವಾರವಾದರೆ "ಇಂಥ ತಾರೀಕಿನೊಳಗೆ ಶುರು ಮಾಡಿ" ಅಂತ ಲಿಖಿತವಾಗಿ ಕಳಿಸಿ. ಅದಕ್ಕೂ ಉತ್ತರ ಬರದಿದ್ದರೆ ಬೇರೆಯವರನ್ನು ಕರೆಯುವ ಮುಂಚೆ ಆಗಿರುವ ಕೆಲಸದ ಅಳತೆ ತೆಗೆಸಿ, ಎಲ್ಲ ಕಡೆಯ ವಿಡಿಯೋ ಮಾಡಿ, ಸಾಧ್ಯವಾದರೆ ಒಬ್ಬ ಇಂಜಿನಿಯರ್‌ರಿಂದ ಬರೆಸಿಕೊಳ್ಳಿ. ಹೊಸ ಮೇಸ್ತ್ರಿ ಕೈ ಇಟ್ಟ ಮೇಲೆ ಹಳಬರದ್ದು ಎಷ್ಟು, ಹೊಸಬರದ್ದು ಎಷ್ಟು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಕೆಲಸ ಕಳಪೆಯಾಗಿದ್ದು ಮಾತಿಗೆ ಬಗ್ಗದಿದ್ದರೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಮಾರ್ಗದರ್ಶನ ಪಡೆಯಬಹುದು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ನೀವು ಕೊಟ್ಟ ಮೊತ್ತ 50 ಲಕ್ಷದವರೆಗೆ ಇದ್ದರೆ ದೂರು ಜಿಲ್ಲಾ ಆಯೋಗದಲ್ಲೇ ಆಗುತ್ತದೆ, 5 ಲಕ್ಷದವರೆಗೆ ಶುಲ್ಕವಿಲ್ಲ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಇರಲೇಬೇಕು ಅಂತಿಲ್ಲ. ಬರವಣಿಗೆ, ಬಿಲ್ಲು, ಯುಪಿಐ ವಿವರ, ವಾಟ್ಸಾಪ್ ಮಾತು, ಫೋಟೋ, ಇಂಜಿನಿಯರ್ ವರದಿ ಜೊತೆಗಿರಲಿ.

11. ಮುಗಿಸುವಾಗ

ಕೊನೆಯ ದೊಡ್ಡ ಕಂತು ಕೊಡುವ ಮುಂಚೆ ಒಂದು ದಿನ ಹಗಲು ಹೊತ್ತಿನಲ್ಲಿ ಮೇಸ್ತ್ರಿ ಜೊತೆ ರೂಮು ರೂಮು ಸುತ್ತಿ. ಪ್ರತಿ ಸ್ವಿಚ್ ಹಾಕಿ, ಪ್ರತಿ ನಲ್ಲಿ ಬಿಡಿ, ಪ್ರತಿ ಬಾಗಿಲು ಮುಚ್ಚಿ ತೆರೆಯಿರಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ನೋಡಿ. ಸಂಜೆ ಒಂದು ಟಾರ್ಚನ್ನು ಗೋಡೆಗೆ ತಾಗಿಸಿ ಹಿಡಿದರೆ ಪುಟ್ಟಿಯ ಉಬ್ಬುತಗ್ಗು ಕಾಣುತ್ತದೆ. ಬಾಕಿ ಕೆಲಸ ಬರೆದು, ತಾರೀಕು ಹಾಕಿ, ಇಬ್ಬರೂ ಸಹಿ ಮಾಡಿ. ಗೀಸರ್, ಮೋಟಾರ್, ವಾಟರ್‌ಪ್ರೂಫಿಂಗ್ ಸಾಮಾನಿನ ಬಿಲ್ಲು, ವಾರಂಟಿ ಕಾರ್ಡು ಕೇಳಿ ತೆಗೆದುಕೊಳ್ಳಿ. ಉಳಿದ ಟೈಲ್ಸ್‌ನಲ್ಲಿ ಹತ್ತು ಹನ್ನೆರಡು, ಬಣ್ಣದ ಡಬ್ಬಿಯ ಶೇಡ್ ನಂಬರ್ ಇಟ್ಟುಕೊಳ್ಳಿ. ನಾಲ್ಕು ವರ್ಷದ ಮೇಲೆ ಅದೇ ಟೈಲ್ಸ್ ಅಂಗಡಿಯಲ್ಲಿ ಸಿಗುವುದಿಲ್ಲ.

ಹಿಡಿದಿಟ್ಟ ಉಳಿಕೆ ದುಡ್ಡಿಗೆ ಒಂದು ತಾರೀಕು ಹೇಳಿ. ಬೇಸಿಗೆಯಲ್ಲಿ ಮುಗಿದ ಕೆಲಸವಾದರೆ ಅಕ್ಟೋಬರ್ ಕೊನೆ. ಅಷ್ಟರಲ್ಲಿ ಒಂದೆರಡು ಜೋರು ಮಳೆ ಬಂದಿರುತ್ತದೆ. ತಾರಸಿಯ ಕೆಳಗಿನ ಸೀಲಿಂಗ್, ಕಿಟಕಿಯ ಸಜ್ಜದ ಕೆಳಗೆ, ಹೊಸ ಗೋಡೆ ಹಳೇ ಗೋಡೆಗೆ ಸೇರುವ ಕಡೆ ಬಿರುಕು, ತೇವ ನೋಡಿ. ಏನೂ ಇಲ್ಲದಿದ್ದರೆ ಮೇಸ್ತ್ರಿ ಕೇಳುವವರೆಗೆ ಕಾಯಬೇಡಿ, ನೀವೇ ಫೋನ್ ಮಾಡಿ ಕರೆದು ಕೊಟ್ಟುಬಿಡಿ.